ಯಾರೂ ಅಲ್ಲ, ಪಾದ್ರಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಪದಗಳ ಬೇರು ಕೆದಕುವ ಚಟ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಇದಕ್ಕಿಂತ ಅಗ್ಗದ ಚಟ ಬೇರೆ ಸಿಗಲಾರದು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ‘ಇನ್ನೊಂದು ಒಬ್ಬಟ್ಟು ಹಾಕಿಸ್ಕೊಳ್ಳಿ ಮೇಷ್ಟ್ರೇ’ ಎಂದರೆ ಸಾಕು, ಒಬ್ಬಟ್ಟು ಎಂಬ ಮಾತು ಎಲ್ಲಿಂದ ಬಂತು ಎಂದು ಶುರು ಹಚ್ಚಿಕೊಳ್ಳುತ್ತೇನೆ. ಅವರ ಎಲೆಯ ಮೇಲಿನ ತುಪ್ಪ ಆರಿ ಗಟ್ಟಿಯಾಗುತ್ತದೆ. ನೆಂಟರಲ್ಲಿ ಕೆಲವರು ಈಗ ನನ್ನನ್ನು ಕಂಡರೆ ಇನ್ನೊಂದು ಸಾಲಿನಲ್ಲಿ ಎಲೆ ಹಿಡಿಯುತ್ತಾರೆ. ನನ್ನ ಹೆಂಡತಿಯಂತೂ ಮೊದಲಿನಿಂದಲೂ ಈ ವಿದ್ವತ್ತಿಗೆ ಕವಡೆಯ ಬೆಲೆ ಕೊಟ್ಟವಳಲ್ಲ. ‘ಬೇರು ಆಮೇಲ್ ಕೀಳ್ರಂತೆ, ಮೊದ್ಲು ಒಂದೆಸಳು ಕರಿಬೇವು ಕಿತ್ಕೊಂಡ್ ಬನ್ನಿ’ ಎನ್ನುತ್ತಾಳೆ.

ಹೋದ ವಾರ ಅಟ್ಟ ಗುಡಿಸುವಾಗ ಅವಳು ಒಂದು ಡಬ್ಬ ಇಳಿಸಿದಳು. ಹಿಂದೆ ಅಂಗಡಿಗಳಿಗೆ ಬಿಸ್ಕತ್ತು ತುಂಬಿ ಬರುತ್ತಿದ್ದ ಚೌಕದ ತಗಡಿನ ಡಬ್ಬ. ಮೂಲೆಗಳಿಗೆ ತುಕ್ಕು ಹಿಡಿದಿದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ.

‘ಈ ಪಾದ್ರಿ ಡಬ್ಬ ಗುಜರಿಗೆ ಹಾಕ್ಲಾ?’ ಎಂದು ಕೇಳಿದಳು.

‘ಇಲ್ಲಿಡು’ ಎಂದೆ. ನನ್ನ ಮುಖ ನೋಡಿ ಇಟ್ಟು ಹೋದಳು. ಅಂದಿನಿಂದ ಅದು ನನ್ನ ಓದುವ ಮೇಜಿನ ಕೆಳಗೆ ಕೂತಿದೆ. ನಾನೂ ಮೇಜಿನ ಮುಂದೆ ಸುಮ್ಮನೆ ಕೂತಿದ್ದೇನೆ, ಓದು ಮಾತ್ರ ಸಾಗುತ್ತಿಲ್ಲ.

ಪಾದ್ರಿ ಎಂಬ ಪದದ ಬೇರು ಹುಡುಕಲು ಹೆಚ್ಚು ಅಗೆಯಬೇಕಿಲ್ಲ. ಪೋರ್ಚುಗೀಸರು ಹಡಗಿನಲ್ಲಿ ಬಂದು ಪಡುವಣ ಕರಾವಳಿಯಲ್ಲಿ ಇಳಿದಾಗ ಸಾಮಾನು ಸರಂಜಾಮಿನ ಜೊತೆ ಪದಗಳನ್ನೂ ಇಳಿಸಿದರು. ನಮ್ಮ ಮನೆಯ ಅಲಮಾರು ಅವರದು, ಅದರ ಚಾವಿ ಅವರದು, ಅದರೊಳಗಿನ ಅಂಗಿಗೆ ಹಾಕಿದ ಇಸ್ತ್ರಿಯೂ ಅವರದೇ. ಹಾಗೆಯೇ ಅವರು ತಮ್ಮ ಗುರುಗಳನ್ನು ‘ಪಾದ್ರೆ’ ಎಂದು ಕರೆಯುತ್ತಿದ್ದರು. ಪಾದ್ರೆ ಎಂದರೆ ತಂದೆ. ಅದರ ಹಿಂದೆ ಲ್ಯಾಟಿನ್ನಿನ ‘ಪಾತೆರ್’ ಇದೆ. ಇನ್ನೂ ಹಿಂದಕ್ಕೆ ಹೋದರೆ ಅದೂ ನಮ್ಮ ಸಂಸ್ಕೃತದ ‘ಪಿತೃ’ವೂ ಒಂದೇ ಮನೆತನದವು. ಪಕ್ಷದ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವ ನಾವು ಯಾವ ಪದವನ್ನು ನೆನೆಯುತ್ತೇವೋ, ಅದರ ದಾಯಾದಿಯನ್ನೇ ಅವರು ಗುಡಿಯಲ್ಲಿ ನೆನೆಯುತ್ತಾರೆ. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಅನ್ಯದೇಶ್ಯ ಪದಗಳ ಪಾಠ ಬಂದಾಗ ನಾನು ಇದನ್ನು ವಿಸ್ತಾರವಾಗಿ ಹೇಳುತ್ತಿದ್ದೆ. ಬೋರ್ಡಿನ ಮೇಲೆ ‘ಪಾದ್ರಿ = ತಂದೆ’ ಎಂದು ದೊಡ್ಡದಾಗಿ ಬರೆದು, ಏನೋ ಸಾಧಿಸಿದವನಂತೆ ಕೈಯ ಸೀಮೆಸುಣ್ಣ ಕೊಡವಿಕೊಳ್ಳುತ್ತಿದ್ದೆ.

ನಮ್ಮ ಶಾಲೆಯ ಜವಾನ ಮುನಿಶಾಮಪ್ಪ ಒಮ್ಮೆ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ಗಂಟೆ ಹೊಡೆದ ಮೇಲೆ ಬಂದು, ‘ತಂದೇನೂ ಇಲ್ಲ ಗಿಂದೇನೂ ಇಲ್ಲ ಸಾ. ಪಾದ ಸವೆಸ್ತಾರಲ್ಲ, ಅದ್ಕೇ ಪಾದ್ರಿ. ನಮ್ಮೂರ್ ಪಾದ್ರೀನೇ ನೋಡಿ, ಯಾವತ್ತಾದ್ರೂ ಬಸ್ ಹತ್ತವ್ರಾ?’ ಎಂದ. ನಾನು ಅವನ ಅಜ್ಞಾನಕ್ಕೆ ಮರುಗಿ ಇನ್ನೊಂದು ಸಲ ಪಾಠ ಹೇಳಿದೆ. ಈಗ ಅನ್ನಿಸುತ್ತದೆ, ಅವನಿಗೆ ಪದ ಗೊತ್ತಿರಲಿಲ್ಲ, ಆದರೆ ಅವನು ಮನುಷ್ಯನನ್ನು ನೋಡಿದ್ದ. ನಾನು ಪದವನ್ನಷ್ಟೇ ನೋಡಿದ್ದೆ.

ನಮ್ಮೂರಿರುವುದು ದೇವನಹಳ್ಳಿಗೂ ಆವತಿಗೂ ನಡುವೆ, ಹೆದ್ದಾರಿಯಿಂದ ಒಂದು ಮೈಲಿ ಒಳಗೆ. ಊರಿನ ತೆಂಕಣ ತುದಿಯ ಕೇರಿಯಲ್ಲಿ ಹನ್ನೊಂದು ಮನೆ ಕ್ರೈಸ್ತರಿದ್ದರು. ಅಲ್ಲೊಂದು ಹೆಂಚಿನ ಪುಟ್ಟ ದೇವಾಲಯ, ಪಕ್ಕದಲ್ಲಿ ಚಕ್ಕೋತದ ಮರ, ಮರದ ಕೊಂಬೆಗೆ ಗಂಟೆಯ ಬದಲು ನೇತುಹಾಕಿದ ರೈಲು ಕಂಬಿಯ ತುಂಡು. ನನಗೆ ಏಳು ವರ್ಷವಿದ್ದಾಗ ಅಲ್ಲಿಗೆ ಸಮಾಧಾನಪ್ಪನವರು ಬಂದರು. ಅವರಿನ್ನೂ ಇಪ್ಪತ್ತೆರಡು ಇಪ್ಪತ್ತಮೂರರ ತರುಣ. ಜೊತೆಗೆ ಕರುಣಮ್ಮ ಎಂಬ ಹೊಸ ಹೆಂಡತಿ, ಒಂದು ಟ್ರಂಕು, ಒಂದು ಕೊಡೆ. ನಾವು ಹುಡುಗರು ಆ ಟ್ರಂಕಿನ ಹಿಂದೆ ಕೇರಿಯ ಅಂಚಿನವರೆಗೂ ಮೆರವಣಿಗೆ ಹೋಗಿ, ಕೇರಿಯ ಒಳಗೆ ಕಾಲಿಟ್ಟೆವೆಂದು ಮನೆಗೆ ಬಂದು ಏಟು ತಿಂದೆವು.

ಬಂದ ದಿನವೇ ಊರು ಅವರನ್ನು ಪಾದ್ರಿ ಎಂದಿತು. ನಿಜಕ್ಕೆ ಅವರು ಪಾದ್ರಿಯಾಗಿರಲಿಲ್ಲ. ‘ನಾನ್ ಪಾದ್ರಿ ಅಲ್ಲ ಗೌಡ್ರೇ, ಬರೀ ಉಪದೇಶಿ’ ಎಂದು ಎಲ್ಲರಿಗೂ ಕೈಮುಗಿದು ತಿದ್ದುತ್ತಿದ್ದರು. ಯಾರೂ ತಿದ್ದಿಕೊಳ್ಳಲಿಲ್ಲ. ಗುರುಪಟ್ಟ ಆದವರು ಬೇರೆ. ಸಭೆಯವರು ಅಯ್ಯನವರು ಎನ್ನುತ್ತಿದ್ದ ಅವರು ದೇವನಹಳ್ಳಿಯಿಂದ ತಿಂಗಳಿಗೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ಬಂದು, ರೊಟ್ಟಿ ಮುರಿದು ದ್ರಾಕ್ಷಾರಸ ಕೊಟ್ಟು, ಮದುವೆ, ದೀಕ್ಷಾಸ್ನಾನ ಇದ್ದರೆ ಮಾಡಿಸಿ, ಊಟ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳೆಲ್ಲ ಸಮಾಧಾನಪ್ಪನವರವು. ಕಂಬಿ ಬಾರಿಸುವುದು, ಮಕ್ಕಳಿಗೆ ಅಕ್ಷರ ತಿದ್ದಿಸುವುದು, ಜ್ವರದವರ ಪಕ್ಕ ಕೂರುವುದು, ಜಗಳವಾಡಿದ ಗಂಡ ಹೆಂಡಿರ ನಡುವೆ ಕೂರುವುದು, ಸತ್ತವರಿಗೆ ಗುಂಡಿ ಅಗೆಸುವುದು. ಅಯ್ಯನವರ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಮಣ್ಣು ಮಾಡುವುದೂ ಅವರ ಪಾಲಿಗೇ.

ಪದಗಳ ಚಟದವನಿಗೆ ಇವರನ್ನು ಕರೆಯುವ ಹೆಸರುಗಳೇ ಒಂದು ಹಬ್ಬ. ಕಥೋಲಿಕರ ಊರುಗಳಲ್ಲಿ ಹಳಬರು ಸ್ವಾಮಿಗಳು ಎನ್ನುತ್ತಾರೆ, ಹೊಸಬರು ಫಾದರ್ ಎನ್ನುತ್ತಾರೆ. ಕಾಗದದಲ್ಲಿ ಸಭಾಪಾಲಕರು ಎಂದು ಬರೆಯುವವರು ಎದುರಿಗೆ ಸಿಕ್ಕಾಗ ಪಾಸ್ಟರ್ ಎನ್ನುತ್ತಾರೆ, ಹಾಗೆಂದರೆ ಕುರಿ ಕಾಯುವವನು. ಈಗ ಹೆದ್ದಾರಿ ಬದಿಯ ಶೀಟಿನ ಶೆಡ್ಡುಗಳಲ್ಲಿ ಕೀಬೋರ್ಡು, ಆಳೆತ್ತರದ ಸ್ಪೀಕರು ಇಟ್ಟುಕೊಂಡವರೆಲ್ಲ ಪಾಸ್ಟರುಗಳೇ. ಇಷ್ಟರ ನಡುವೆ ನನಗೆ ಹಿಡಿಸಿದ್ದು ಯಾರೂ ಲೆಕ್ಕಕ್ಕಿಡದ ಉಪದೇಶಿ ಎಂಬ ಪದ. ಉಪ ಎಂದರೆ ಹತ್ತಿರ, ದಿಶ್ ಎಂದರೆ ತೋರಿಸು. ಹತ್ತಿರ ಕೂತು ತೋರಿಸುವವನು. ನಾನು ಹೊಸದಾಗಿ ಮೇಷ್ಟ್ರಾದಾಗ ಈ ಅರ್ಥವನ್ನು ಸಮಾಧಾನಪ್ಪನವರಿಗೆ ಹುಮ್ಮಸ್ಸಿನಿಂದ ಹೇಳಿದ್ದೆ.

‘ತೋರ್ಸೋದೆಲ್ಲ ದೊಡ್ಡೋರಿಗಾಯ್ತು ಮೇಷ್ಟ್ರೇ’ ಎಂದು ನಕ್ಕಿದ್ದರು. ‘ನಂಗೆ ಹತ್ರ ಕೂರೋದಷ್ಟೇ ಬರೋದು.’

ಡಬ್ಬದ ವಿಷಯಕ್ಕೆ ಬರುತ್ತೇನೆ. ನನಗೆ ಎಂಟು ವರ್ಷವಿದ್ದಾಗ ವಿಷಮಶೀತ ಜ್ವರ ಬಂತು. ಅಪ್ಪ ಚಿಕ್ಕಬಳ್ಳಾಪುರದ ಕಡೆ ಯಾವುದೋ ಮದುವೆಗೆ ಹೋಗಿದ್ದ. ಅಜ್ಜಿ ಯಂತ್ರ ಕಟ್ಟಿಸಿದಳು, ಯಾರೋ ಬೇರು ಅರೆದು ಕುಡಿಸಿದರು. ನಾನು ಕಣ್ಣು ಬಿಡುವುದನ್ನು ನಿಲ್ಲಿಸಿದೆನಂತೆ. ಬೀದಿಯಲ್ಲಿ ಹೋಗುತ್ತಿದ್ದ ಸಮಾಧಾನಪ್ಪನವರು ಅಮ್ಮನ ಅಳು ಕೇಳಿ ಅಂಗಳಕ್ಕೆ ಬಂದವರು, ಯಾರನ್ನೂ ಕೇಳದೆ ನನ್ನನ್ನು ಬೆನ್ನಿಗೆ ಹಾಕಿಕೊಂಡು ಹೊರಟುಬಿಟ್ಟರಂತೆ. ಮಟಮಟ ಮಧ್ಯಾಹ್ನ, ದೇವನಹಳ್ಳಿಯವರೆಗೆ ನಡಿಗೆ, ಅಲ್ಲಿಂದ ಸಿಕ್ಕ ಲಾರಿ ಹತ್ತಿ ಮಿಷನ್ ಆಸ್ಪತ್ರೆಗೆ. ಅಮ್ಮ ಹಿಂದೆ ಹಿಂದೆ ಓಡುತ್ತಿದ್ದಳು. ಅವಳು ಅಳಬಾರದೆಂದು ದಾರಿಯುದ್ದಕ್ಕೂ ಅವರು ತಮ್ಮದೊಂದು ಕೀರ್ತನೆ ಹಾಡುತ್ತಿದ್ದರಂತೆ. ‘ಏದುಸಿರು ಬಿಡ್ತಾ ಹಾಡ್ತಿದ್ನಲ್ಲ, ಆ ಹಾಡಿಗೊಂದು ರಾಗ ಇತ್ತಾ? ಕೇಳಿದ್ರೆ ಸತ್ತೋನೂ ಎದ್ ಕೂರ್ಬೇಕು’ ಎಂದು ಅಮ್ಮ ಎಷ್ಟೋ ವರ್ಷ ನಗುತ್ತಿದ್ದಳು. ನಾನು ಬದುಕಿದೆ.

ಕೇರಿಯ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು. ಮುದ್ದೆಗೆ ಹಿಟ್ಟು ತೆಗೆದಾಗ, ಎಸರಿಗೆ ಹಾಕುವ ಮೊದಲು ಒಂದು ಹಿಡಿ ಬೇರೆ ಎತ್ತಿಡುವುದು. ಭಾನುವಾರ ಅದನ್ನು ಬಟ್ಟೆಯ ಚೀಲದಲ್ಲಿ ತಂದು ದೇವಾಲಯದ ಪೀಠದ ಮುಂದಿನ ಡಬ್ಬಕ್ಕೆ ಸುರಿಯುವುದು. ಉಪದೇಶಿಯ ಒಲೆ ಉರಿಯುತ್ತಿದ್ದದ್ದು ಬಹುಪಾಲು ಅದರಿಂದಲೇ. ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ತಗಡಿನ ಡಬ್ಬ ಇಟ್ಟು, ಮೊದಲ ಹಿಡಿ ರಾಗಿ ಹಿಟ್ಟು ಹಾಕಿದಳು. ಅಜ್ಜಿ ಗೊಣಗಿದಳು, ಅಪ್ಪ ಕಂಡೂ ಕಾಣದಂತಿದ್ದ. ಮುಂದೆ ಮನೆಯಲ್ಲಿ ಹೆರಿಗೆಯಾಗಲಿ, ಸಾವಾಗಲಿ, ಮುದ್ದೆ ಬೇಯುವ ದಿನ ಆ ಹಿಡಿ ತಪ್ಪಲಿಲ್ಲ. ಅಮ್ಮನಿಗೆ ಆ ದೇವರ ಹೆಸರೂ ನೆಟ್ಟಗೆ ಬರುತ್ತಿರಲಿಲ್ಲ. ಅವಳು ಶನಿವಾರ ಹನುಮಂತರಾಯನಿಗೆ ತುಪ್ಪದ ದೀಪ ಹಚ್ಚುವವಳು.

ಇದನ್ನು ಓದಿ ನಮ್ಮ ಮನೆಯವರು ಬಹಳ ದೊಡ್ಡವರೆಂದು ತಿಳಿಯಬೇಡಿ. ನಾವು ಜಮೀನಿನವರು, ಅವರು ಕೇರಿಯವರು. ಪಾದ್ರಿ ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಅವರು ಅಂಗಳದಲ್ಲಿ ಚೀಲದ ಬಾಯಿ ಬಿಡಿಸಿ ಹಿಡಿಯುವರು, ಅಮ್ಮ ಮೇಲಿನಿಂದ ಹಿಟ್ಟು ಸುರಿಯುವಳು. ಅವರ ಕಾಫಿ ಲೋಟ ಹೊರಗೆ ಸೂರಿನ ಸಂದಿಯಲ್ಲಿ ಇರುತ್ತಿತ್ತು. ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಿ ಹೋಗುತ್ತಿದ್ದರು. ನನ್ನನ್ನು ಬೆನ್ನ ಮೇಲೆ ಹೊತ್ತು ಓಡಿದಾಗ ಮುಟ್ಟಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ, ಲೋಟ ಮಾತ್ರ ಬೇರೆಯೇ ಉಳಿಯಿತು. ನಾನು ಬಿ.ಎ. ಓದಿ ಬಂದೆ, ಸಮಾನತೆಯ ಬಗ್ಗೆ ಭಾಷಣ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಿದೆ, ಬಹುಮಾನವನ್ನೂ ತಂದೆ. ಸೂರಿನಿಂದ ಆ ಲೋಟ ತೆಗೆಯಬೇಕೆಂದು ನನಗೆ ಹೊಳೆಯಲಿಲ್ಲ. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದಾಗ ಸೂರೇ ಇಲ್ಲವಾಗಿ ಲೋಟವೂ ಹೋಯಿತು.

ಎರಡು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎಂಬತ್ತೆಂಟು ವರ್ಷ. ಡಾಕ್ಟರು ಏನೂ ಮಾಡುವಂತಿಲ್ಲ ಎಂದರು. ಮುಂದಿನ ಕೋಣೆಯಲ್ಲಿ ರಸ್ತೆ ಕಾಣುವ ಕಿಟಕಿಯ ಪಕ್ಕ ಮಂಚ ಹಾಕಿದೆವು. ವಿಷಯ ತಿಳಿದು ಸಮಾಧಾನಪ್ಪನವರು ನೋಡಲು ಬಂದರು. ಅವರಿಗೂ ಎಂಬತ್ತು ದಾಟಿತ್ತು, ಬೆನ್ನು ಬಾಗಿತ್ತು. ಅಭ್ಯಾಸಬಲದಿಂದ ಅಂಗಳದಲ್ಲೇ ನಿಂತರು.

‘ಅದೇನ್ ಪಾದ್ರಿ, ಕಂಬ ನಿಂತಂಗ್ ನಿಂತಿದ್ದೀಯ?’ ಅಮ್ಮ ಕಿಟಕಿಯಿಂದಲೇ ಕೂಗಿದಳು. ‘ಒಳಕ್ ಬಾ. ನಾನೇನ್ ಎದ್ ಬರಕಾಯ್ತದಾ?’

ಅವರು ನನ್ನ ಮುಖ ನೋಡಿದರು. ನಾನು ‘ಬನ್ನಿ’ ಎಂದೆ. ಚಪ್ಪಲಿ ಬಿಟ್ಟು, ಕೊಡೆ ಮಡಚಿ, ಹೊಸಿಲು ದಾಟಿದರು. ಅವರು ಊರಿಗೆ ಬಂದು ಅರವತ್ತು ವರ್ಷವಾಗುತ್ತ ಬಂದಿತ್ತು.

ಅಂದಿನಿಂದ ದಿನಾ ಮಧ್ಯಾಹ್ನ ನಾಲ್ಕಕ್ಕೆ ಬಂದು ಆರರವರೆಗೆ ಕೂರುತ್ತಿದ್ದರು. ಹೆಚ್ಚಿನ ದಿನ ದೇವರ ಮಾತೇ ಬರುತ್ತಿರಲಿಲ್ಲ. ಇಬ್ಬರೂ ಸೇರಿ ಸತ್ತುಹೋದ ಎತ್ತುಗಳ ಹೆಸರು ಜ್ಞಾಪಿಸಿಕೊಳ್ಳುವರು, ಯಾವ ವರ್ಷ ಕೆರೆ ಕೋಡಿ ಬಿತ್ತು ಎಂದು ವಾದ ಮಾಡುವರು. ಎಂದೋ ಲೇಔಟ್ ಆಗಿಹೋದ ಹೊಲಗಳನ್ನು ಬದುಗಳ ಸಮೇತ ನೆನೆದು ಅಲ್ಲಲ್ಲಿ ಓಡಾಡಿ ಬರುವರು. ಕೊನೆಯಲ್ಲಿ ಅಮ್ಮ ‘ಆ ನಿನ್ ಕೆಟ್ ರಾಗದ್ ಹಾಡು ಹೇಳು’ ಎನ್ನುವಳು. ಅವರು ಹಾಡುವರು, ಅವಳು ನಿದ್ದೆ ಹೋಗುವಳು. ನೋವಿನ ಮಾತ್ರೆಗೆ ಬಾರದ ನಿದ್ದೆ ಆ ಹಾಡಿಗೆ ಬರುತ್ತಿತ್ತು.

ಆದರೆ ಹಾಡು ಕಿಟಕಿಯಿಂದ ಹೊರಗೂ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಹಾಲು ಹಾಕಲು ಡೈರಿ ಹತ್ತಿರ ಹೋದಾಗ ಮೂವರು ತರುಣರು ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರಲ್ಲಿ ಮಂಜ ನನ್ನ ಶಿಷ್ಯನೇ. ಸೈಟು ಕೊಡಿಸುವ ವ್ಯವಹಾರ ಮಾಡುತ್ತಾನೆ, ಕಂಡಾಗಲೆಲ್ಲ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ಅಂದೂ ನಮಸ್ಕರಿಸಿದ.

‘ಸಾರ್, ಬೇಜಾರ್ ಮಾಡ್ಕೋಬೇಡಿ. ಅಜ್ಜಿ ಹತ್ರ ದಿನಾ ಪಾದ್ರಿ ಬಂದ್ ಕೂತ್ಕೋತಾನಂತೆ. ಹಾಡು ಗೀಡು ಹೇಳ್ತಾನಂತೆ.’

‘ಅಂಥಾದ್ದೇನಿಲ್ಲಪ್ಪ. ಹಳೇ ಪರಿಚಯ’ ಎಂದೆ.

‘ನಮಗ್ಗೊತ್ತು ಸಾರ್. ಬೇರೆಯವ್ರಿಗೆ ಗೊತ್ತಾಗ್ಬೇಕಲ್ಲ? ಇವ್ರು ಹಿಡಿಯೋದೇ ಹುಷಾರಿಲ್ದೋರ್ನ. ಮೊಮ್ಮಗಳಿಗೆ ಬೇರೆ ಹೊಸಕೋಟೆ ಕಡೆ ಸಂಬಂಧ ನೋಡ್ತಾ ಇದ್ದೀರಂತೆ. ಅಲ್ಲೀಗಂಟ ಈ ಮಾತು ಯಾಕ್ ಹೋಗ್ಬೇಕು? ಅಷ್ಟಕ್ಕೂ, ಅವ್ನು ನಿಮಗೆ ಯಾರು ಸಾರ್?’

‘ಯಾರೂ ಅಲ್ಲ’ ಎಂದೆ. ‘ಪಾದ್ರಿ, ಅಷ್ಟೇ.’

ಮಂಜ ಸಮಾಧಾನದಿಂದ ತಲೆಯಾಡಿಸಿದ. ಅವನೂ ಒಂಬತ್ತನೇ ತರಗತಿಯಲ್ಲಿ ನನ್ನ ಮುಂದೆ ಕೂತು ಬೋರ್ಡಿನ ಮೇಲಿದ್ದುದನ್ನು ಬರೆದುಕೊಂಡವನೇ. ಅವನು ಮರೆತಿದ್ದರೆ ತಪ್ಪಲ್ಲ, ಪರೀಕ್ಷೆ ಮುಗಿದ ಮೇಲೆ ಯಾರು ನೆನಪಿಡುತ್ತಾರೆ? ನನಗೆ ನೆನಪಿತ್ತು. ನೆನಪಿದ್ದೇ ಆ ಮಾತಾಡಿದೆ. ಹಾಲಿನ ಕ್ಯಾನು ಹಿಡಿದು ಮನೆಗೆ ಬರುವಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಹತ್ತು ಗಂಟೆಗೆ ಕೇರಿಯ ಕಡೆ ಹೋದೆ.

ಸಮಾಧಾನಪ್ಪನವರು ಚಕ್ಕೋತದ ಮರದ ಕೆಳಗೆ ಎಲೆ ಗುಡಿಸುತ್ತಿದ್ದರು. ನಾನು ಊರಿನ ಮಾತು, ಮೊಮ್ಮಗಳ ಸಂಬಂಧ, ಕಾಲ ಕೆಟ್ಟಿರುವುದು ಎಲ್ಲವನ್ನೂ ಸುತ್ತಿ ಬಳಸಿ ಹೇಳುವಷ್ಟರಲ್ಲಿ ಅವರೇ ಕೇಳಿದರು.

‘ಬರೋದ್ ಬೇಡ ಅಂತೀರಾ ಮೇಷ್ಟ್ರೇ?’

‘ಸ್ವಲ್ಪ ದಿನ.’

‘ಅಮ್ಮಾವ್ರಿಗೇನ್ ಹೇಳ್ತೀರಿ?’

‘ಪಿಲ್ಲಗುಂಪೆಯಲ್ಲಿ ನಿಮ್ಮ ತಮ್ಮನ ಮಗ ಫ್ಯಾಕ್ಟರೀಲಿ ಇದ್ದಾನಲ್ಲ, ಅಲ್ಲಿಗೆ ಹೋಗಿದ್ದಾರೆ ಅಂತೀನಿ.’

ಕೋಪಿಸಿಕೊಳ್ಳುತ್ತಾರೆ ಎಂದುಕೊಂಡೆ, ಕೋಪಿಸಿಕೊಳ್ಳಲಿ ಎಂದೂ ಬಯಸಿದೆ. ‘ಹಂಗಾದ್ರೆ ನಾನು ನಿಮ್ ರಸ್ತೇಲಿ ಓಡಾಡ್ಬಾರ್ದು’ ಎಂದರು. ‘ಕಿಟಕಿಯಿಂದ ಕಂಡ್ರೆ ಅವ್ರಿಗೆ ನೋವಾಯ್ತದೆ. ಕೆರೆ ಏರಿ ಮೇಲೆ ಹೋಯ್ತೀನಿ ಬಿಡಿ.’ ಮತ್ತೆ ಪೊರಕೆ ಎತ್ತಿಕೊಂಡರು.

ಅಮ್ಮ ಮೊದಲ ವಾರ ಸುಮ್ಮನಿದ್ದಳು. ‘ನಾಲ್ಕು ದಿನ ಇದ್ ಬರ್ಲಿ, ಪಾಪ’ ಎಂದಳು. ನನ್ನ ಹೆಂಡತಿಯನ್ನು ದಿನಾ ಕೇಳುವಳು, ‘ಹಿಡಿ ಎತ್ತಿಟ್ಯಾ?’ ಇವಳು ಎತ್ತಿಡುವಳು. ತೆಗೆದುಕೊಂಡು ಹೋಗುವವರಿಲ್ಲದೆ ಡಬ್ಬ ತುಂಬುತ್ತ ಬಂತು. ಎರಡನೆಯ ವಾರದಿಂದ ಅಮ್ಮ ನಾಲ್ಕು ಗಂಟೆಗೆ ಸರಿಯಾಗಿ ತಲೆ ತಿರುಗಿಸಿ ರಸ್ತೆ ನೋಡತೊಡಗಿದಳು. ‘ಪಾದ್ರಿ ಬಂದ್ನೇನ್ಲಾ?’ ಎಂದು ಕೇಳುವಳು. ‘ಇಲ್ಲಮ್ಮ’ ಎನ್ನುವೆ. ‘ಫೋನ್ ಮಾಡ್ಲಾ ಒಸಿ.’ ‘ಮಾಡ್ದೆ, ಎತ್ಲಿಲ್ಲ’ ಎನ್ನುವೆ. ಸುಳ್ಳು ಹೇಳುವುದು ನನಗೆ ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಎರಡು ಸಲ ಅವರನ್ನು ಕಂಡೆ. ದೇವನಹಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಹೆದ್ದಾರಿಯಲ್ಲಿ ನಮ್ಮೂರಿಗೆ ತಿರುಗುವ ಗೇಟಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಮೊಣಕಾಲ ನಡುವೆ ಕೊಡೆ, ಅದರ ಹಿಡಿಯ ಮೇಲೆ ಎರಡೂ ಕೈ. ಎಲ್ಲಿಗೋ ಹೋಗಲು ಬಸ್ಸಿಗೆ ಕಾದಿದ್ದಾರೆ ಎಂದುಕೊಂಡೆ. ಬಸ್ ಹತ್ತದ ಮನುಷ್ಯ ಎಂಬುದು ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳಲಿಲ್ಲ. ಎರಡು ಸಲವೂ ಹಿಂದಿನ ಬಾಗಿಲಿನಿಂದ ಇಳಿದು, ಮುಖ ತಿರುಗಿಸಿಕೊಂಡು ಬಂದುಬಿಟ್ಟೆ.

ಒಂದು ತಿಂಗಳು ದಾಟಿದ ಮೇಲೆ ಅಮ್ಮ ಕೇಳುವುದನ್ನು ಬಿಟ್ಟಳು. ಒಂದು ದಿನ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಸಾಕೆಂದಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು: ‘ಇಷ್ಟ್ ವರ್ಷ ಹಿಟ್ ತಗೊಂಡ್ ಹೋದ. ಕಾಲ್ ಬಿದ್ದೋದ್ಮೇಲೆ ತಿರುಗ್ ನೋಡ್ಲಿಲ್ಲ. ಅವ್ನೂ ಅಷ್ಟೇ ಬಿಡು.’

ಅವಳಿಗೆ ಆಗಲೇ ಹೇಳಬಹುದಿತ್ತು. ಬಾಯಿ ಬಿಟ್ಟು ಒಂದು ಮಾತು. ನಾನು ಬಟ್ಟಲು ತೊಳೆಯಲು ಎದ್ದು ಹೋದೆ. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡಳು. ಅದಾದ ಐದನೆಯ ದಿನ ಹೋದಳು, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆಯೇ ಹೋದಳು.

ಮಣ್ಣಿನ ದಿನ ಸಮಾಧಾನಪ್ಪನವರು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು. ಯಾರೂ ಕರೆಯಲಿಲ್ಲ, ಚಟ್ಟದ ಮುಂದೆ ನಡೆಯುತ್ತಿದ್ದ ನಾನೂ ಕರೆಯಲಿಲ್ಲ. ಮಂಜ ಮತ್ತವನ ಗೆಳೆಯರು ಬಹಳ ಶ್ರದ್ಧೆಯಿಂದ ಹೆಗಲು ಕೊಟ್ಟರು. ತಿಥಿ ಮುಗಿದ ಮೇಲೆ ಹೆಂಡತಿ ಡಬ್ಬ ತೆರೆದಾಗ ಹಿಟ್ಟಿಗೆ ಹುಳ ಬಿದ್ದಿತ್ತು. ಹಸುವಿನ ಬೂಸಾಕ್ಕೆ ಬೆರೆಸಿ, ಡಬ್ಬ ತೊಳೆದು ಅಟ್ಟಕ್ಕೆ ಹಾಕಿದಳು. ಹೊಸಕೋಟೆಯ ಸಂಬಂಧ ಜಾತಕ ಕೂಡಲಿಲ್ಲವೆಂದು ತಾನಾಗಿಯೇ ಮುರಿದುಬಿತ್ತು. ಪಾದ್ರಿಯ ಸುದ್ದಿ ಅಲ್ಲಿಯವರೆಗೆ ಹೋಗಿರಲೇ ಇಲ್ಲವಂತೆ.

ನಾಲ್ಕು ತಿಂಗಳಲ್ಲಿ ಅವರೂ ತೀರಿಕೊಂಡರು. ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಪಟ್ಟಣದಿಂದ ಬಂದಿದ್ದ ಹೊಸ ಅಯ್ಯನವರು ಅವರ ಹೆಸರನ್ನು ಚೀಟಿ ನೋಡಿ ಓದಿದರು.

ಅದಾಗಿ ಎರಡು ವಾರಕ್ಕೆ ಕರುಣಮ್ಮ ನಮ್ಮ ಮನೆಗೆ ಬಂದರು. ಅಕ್ಷರ ಬಾರದ ಹೆಂಗಸು. ಗಂಡನ ಸಾವಿನ ಬಗ್ಗೆ ತಾಲ್ಲೂಕು ಕಚೇರಿಗೆ ಕೊಡಬೇಕಾದ ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. ಕುರ್ಚಿ ತೋರಿಸಿದೆ, ಬೇಡವೆಂದು ಮೆಟ್ಟಿಲ ಮೇಲೆ ಕೂತರು. ನಾನು ಹೆಸರು, ಊರು, ವಯಸ್ಸು ಬರೆದೆ. ಮುಂದಿನ ಅಂಕಣ ಮೃತರ ವೃತ್ತಿ. ನನ್ನ ಚಟ ಸುಮ್ಮನಿರಲಿಲ್ಲ.

‘ಏನಂತ ಬರೀಲಮ್ಮ? ಉಪದೇಶಿ ಅಂತಲಾ, ಸಭಾಪಾಲಕ ಅಂತಲಾ? ಊರೆಲ್ಲ ಕರೀತಿದ್ದಿದ್ದು ಪಾದ್ರಿ ಅಂತ. ಪಾದ್ರಿ ಅಂದ್ರೆ ತಂದೆ ಅಂತ ಅರ್ಥ.’

‘ಹೌದಾ?’ ಎಂದರು. ‘ಒಂದ್ ಮಗು ಆಗ್ಲಿಲ್ಲ ಅಂತ ಕೊನೇಗಂಟ ಕೊರಗ್ತಿದ್ರು. ಇದನ್ನ ಅವ್ರಿಗೆ ಯಾವತ್ತಾದ್ರೂ ಹೇಳಿದ್ರಾ ಮೇಷ್ಟ್ರೇ?’

ನಾನು ಹೇಳಿರಲಿಲ್ಲ. ವರ್ಷ ವರ್ಷವೂ ಮಕ್ಕಳಿಗೆ ಹೇಳಿದೆ, ಜವಾನನಿಗೆ ಎರಡು ಸಲ ಹೇಳಿದೆ. ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಿರಲಿಲ್ಲ.

‘ಹೋಗ್ಲಿ ಬಿಡಿ’ ಎಂದು ಅವರೇ ಮಾತು ಮುಂದುವರಿಸಿದರು. ‘ಕೊನೆಗಾಲದಲ್ಲಿ ನಿಮ್ಮಮ್ಮನೇ ಅವ್ರಿಗೆ ಒಂದ್ ಆಸರೆ ಆಗಿದ್ರು. ನಾಲ್ಕು ಗಂಟೆ ಆಯ್ತು ಅಂದ್ರೆ ಕೊಡೆ ತಗೊಂಡ್ ಹೊರಟ್ಬಿಡೋರು. ನಿಮ್ಮಮ್ಮ ಹೋದ್ ದಿನದ್ವರೆಗೂ ಒಂದ್ ದಿನ ತಪ್ಪಿಸ್ಲಿಲ್ಲ. ಆರು ಗಂಟೆಗೆ ಬಂದು ಎಲ್ಲಾ ಹೇಳೋರು. ಇವತ್ತು ಗೌಡ್ತಮ್ಮ ಎರಡ್ ತುತ್ತು ಉಂಡ್ರು, ಇವತ್ತು ಆ ಮೊಂಡ ಎತ್ತಿನ್ ಕತೆ ಹೇಳಿ ನಕ್ರು, ಇವತ್ತು ಹಾಡು ಮುಗಿಯೋದ್ರೊಳಗೆ ನಿದ್ದೆ ಹೋದ್ರು ಅಂತ. ಅಮ್ಮಾವ್ರು ಹೋಗೋ ಹಿಂದಿನ್ ದಿನ ಬಂದು, ಗೌಡ್ತಮ್ಮ ನನ್ ಕೈ ಹಿಡ್ಕೊಂಡ್ರು ಕಣೇ ಅಂದ್ರು. ಏನಂದ್ರು ಅಂತ ಕೇಳಿದ್ರೆ ಹೇಳ್ಲೇ ಇಲ್ಲ. ನೀವು ಅಲ್ಲೇ ಇದ್ರಲ್ಲ ಮೇಷ್ಟ್ರೇ, ಅಮ್ಮಾವ್ರು ಕೊನೇಲಿ ಏನಂದ್ರು ಇವ್ರಿಗೆ?’

ನಾನು ಸಮಾಧಾನಪ್ಪನವರನ್ನು ಮನೆಯಿಂದ ಓಡಿಸಿದ ವಿಷಯ ಕರುಣಮ್ಮನಿಗೂ ತಿಳಿಯಬಾರದೆಂದು, ಆ ಮುದುಕ ದಿನಾ ಕೊಡೆ ಹಿಡಿದು ಹೊರಟು, ಎರಡು ಗಂಟೆ ಹೆದ್ದಾರಿಯ ದೂಳಿನಲ್ಲಿ ಕೂತು, ನನ್ನ ಅಮ್ಮನ ಬಗ್ಗೆ ಒಂದೊಂದು ಒಳ್ಳೆಯ ಸುದ್ದಿ ಹೊಂದಿಸಿಕೊಂಡು ಮನೆಗೆ ಹೋಗಿದ್ದರು. ನನ್ನ ಮಾನ ಉಳಿಸಿದ್ದರು. ಒಂದು ಸುಳ್ಳು ಹೇಳಿದ್ದರೆ ಅಂದು ನಾನೂ ಸುಲಭವಾಗಿ ಪಾರಾಗುತ್ತಿದ್ದೆ. ಗಂಟಲವರೆಗೆ ಬಂದಿತ್ತು ಕೂಡ.

‘ಅವ್ರು ಬರ್ತಿರ್ಲಿಲ್ಲಮ್ಮ’ ಎಂದೆ. ಎಲ್ಲವನ್ನೂ ಹೇಳಿದೆ. ಡೈರಿಯ ಹತ್ತಿರ ಆಡಿದ ಮಾತು, ಚಕ್ಕೋತದ ಮರದ ಕೆಳಗಿನ ಮಾತು, ಅಮ್ಮ ಗೋಡೆಗೆ ತಿರುಗುವ ಮುಂಚೆ ಹೇಳಿದ ಮಾತು. ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಅಡಗಿದ ಮೇಲೆ ಅವರು ಕೇಳಿದರು.

‘ಹಂಗಾದ್ರೆ ಎಲ್ ಕೂರ್ತಿದ್ರು?’

‘ಗೇಟಿನ ಬಸ್ ಸ್ಟಾಪಲ್ಲಿ.’

‘ನೀವ್ ನೋಡಿದ್ರಾ?’

‘ನೋಡಿದೆ.’

‘ಮಾತಾಡಿಸ್ಲಿಲ್ವಾ?’

‘ಇಲ್ಲ.’

ಅವರು ಎದ್ದರು. ನನ್ನ ಕೈಕೆಳಗಿದ್ದ ಅರ್ಜಿಯನ್ನು ಮೆಲ್ಲಗೆ ಎಳೆದುಕೊಂಡು, ಮಡಚಿ, ಕವರಿನಲ್ಲಿ ಹಾಕಿದರು.

‘ಕೊಡಿ ಕರುಣಮ್ಮ, ಮುಗಿಸಿಕೊಡ್ತೀನಿ’ ಎಂದೆ. ‘ಒಂದೇ ಪದ ಉಳಿದಿರೋದು.’

‘ಆ ಪದಾನ ನೀವು ಬರೀಬೇಡಿ ಮೇಷ್ಟ್ರೇ’ ಎಂದರು.